ಸೀರೆ ಕಳಚಿದರೆ ಬಿಡುಗಡೆಯೇ?

ರಾಜೀವ್ ಪಾಟೀಲರ ‘ಜೋಗವಾ’ 2009ರಲ್ಲಿ ತೆರೆಗೆ ಬಂದ ಮರಾಠಿ ಸಿನಿಮಾ. ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ್ ಅವರ ‘ಚೌಂಡಕ’, ‘ಭಂಡಾರಭೋಗ’ ಕಾದಂಬರಿಗಳಿಂದ ಹುಟ್ಟಿದ ಕಥೆ ಅದು. ತಾಯಪ್ಪ ಎಂಬ ತರುಣನಿಗೆ ಮನೆಯವರೂ ಊರವರೂ ಸೇರಿ ಸೀರೆ ಉಡಿಸಿ ಯಲ್ಲಮ್ಮನಿಗೆ ಬಿಡುತ್ತಾರೆ. ಸುಲಿ ಎಂಬ ಹುಡುಗಿಯನ್ನೂ ಹಾಗೇ ಬಿಟ್ಟಿರುತ್ತಾರೆ. ಇಬ್ಬರಿಗೂ ಪ್ರೀತಿಯಾಗುತ್ತದೆ, ಕಟ್ಟು ಹರಿದುಕೊಳ್ಳುತ್ತಾರೆ. ತಾಯಪ್ಪನ ಪಾತ್ರ ಮಾಡಿದ ಉಪೇಂದ್ರ ಲಿಮಯೆ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದದ್ದೇ. ಮೈಮೇಲಿನ ಸೀರೆಯೊಳಗೆ ಒಬ್ಬ ಗಂಡಸು ಉಸಿರುಗಟ್ಟಿ ಒದ್ದಾಡುವುದನ್ನು ಅವರು ನಡಿಗೆಯಲ್ಲೇ ತೋರಿಸಿದ್ದಾರೆ.

ನನ್ನ ತಕರಾರು ನಟನೆಯ ಮೇಲಲ್ಲ, ಆ ಸಿನಿಮಾವನ್ನು ನಾವೆಲ್ಲ ಒಪ್ಪಿಕೊಂಡ ರೀತಿಯ ಮೇಲೆ. ಹೀಗೆ ಯಲ್ಲಮ್ಮನಿಗೆ ಬಿಟ್ಟ ಜೋಗಪ್ಪ ಎಂದರೆ ಮೂಢನಂಬಿಕೆಗೆ ಬಲಿಯಾದ ಗಂಡಸು, ಸೀರೆ ಕಳಚಿದರೆ ಅವನಿಗೆ ಬಿಡುಗಡೆ: ಈ ತಿಳಿವಳಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ ಇನ್ನೊಂದು ಪ್ರಶ್ನೆ ಕೇಳುವವರೇ ಇಲ್ಲ. ಸೀರೆ ತನಗೆ ಬೇಕು ಎಂದು ಎಳವೆಯಲ್ಲೇ ಅರಿತ ಮಗು ಈ ಕಥೆಯಲ್ಲಿ ಎಲ್ಲಿದೆ? ತಾಯಪ್ಪನಂಥವರು ಇದ್ದರು, ಅವರ ಸಂಕಟ ನಿಜ. ಆದರೆ ಅದೇ ಗಡಹಿಂಗ್ಲಜದಲ್ಲಿ, ನಿಪ್ಪಾಣಿಯಲ್ಲಿ, ಸಂಕೇಶ್ವರದಲ್ಲಿ ಅಕ್ಕನ ಲಂಗ ಉಟ್ಟು ಕನ್ನಡಿ ನೋಡಿಕೊಂಡು ಪೆಟ್ಟು ತಿಂದ ಹುಡುಗರೂ ಇದ್ದರು. ಅವರಿಗೆ ಯಲ್ಲಮ್ಮನ ಹೆಸರು ಸೆರೆಮನೆಯಾಗಿ ಬರಲಿಲ್ಲ. ಮನೆಯಿಂದ ಹೊರಬೀಳಲು ಇದ್ದ ಒಂದೇ ಬಾಗಿಲಾಗಿ ಬಂತು.

ಇಷ್ಟು ಹೇಳಿದರೆ ಸಾಕು, ಇನ್ನೊಂದು ಪಂಥದವರು ಖುಷಿಯಿಂದ ಎದ್ದು ನಿಲ್ಲುತ್ತಾರೆ. ನೋಡಿ, ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಇಂಥವರಿಗೆ ಗೌರವವಿತ್ತು, ಅರ್ಧನಾರೀಶ್ವರನನ್ನು ಪೂಜಿಸಿದವರು ನಾವು, ದ್ವೇಷ ತಂದವರು ಬ್ರಿಟಿಷರು ಎನ್ನುತ್ತಾರೆ. ಈಗ ಓದಿದವರ ನಡುವೆ ಹೆಚ್ಚು ಚಾಲ್ತಿಯಲ್ಲಿರುವುದು ಈ ಮಾತೇ. ಇದು ತಾಯಪ್ಪನ ಕಥೆಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ.

ಬ್ರಿಟಿಷರ ಪಾಲನ್ನು ಮೊದಲು ಲೆಕ್ಕ ಹಾಕೋಣ. ಮೆಕಾಲೆ ಕರಡು ಹಾಕಿದ ದಂಡಸಂಹಿತೆ 1860ರಲ್ಲಿ ಕಾಯ್ದೆಯಾಯಿತು, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮು ಅದರ ಭಾಗವಾಗಿತ್ತು. 1871ರಲ್ಲಿ ಬಂದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಗೆ ಎರಡು ಭಾಗಗಳಿದ್ದವು. ಮೊದಲ ಭಾಗ ಇಡೀ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ಎರಡನೆಯದು ಹಿಜ್ರಾಗಳನ್ನು ಪಟ್ಟಿ ಮಾಡಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಹದಿನಾರರೊಳಗಿನ ಹುಡುಗ ಅವರ ಮನೆಯಲ್ಲಿರುವುದೇ ಅಪರಾಧವಾಗಿತ್ತು. ಬುಡಕಟ್ಟಿನವರನ್ನೂ ಗಂಡು-ಹೆಣ್ಣಿನ ಗೆರೆ ದಾಟಿದವರನ್ನೂ ಒಂದೇ ಕಾಯ್ದೆಯ ಎರಡು ಪುಟಗಳಲ್ಲಿ ಕಟ್ಟಿಹಾಕಿದ ಆ ಆಡಳಿತಕ್ಕೆ ಯಾವ ಕ್ಷಮೆಯೂ ಇಲ್ಲ.

ಆದರೆ ಆ ಎರಡನೇ ಭಾಗ ಮುಖ್ಯವಾಗಿ ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ನಮ್ಮ ಸೀಮೆಯ ಕೊಲ್ಹಾಪುರವೋ ದೇಶೀ ಸಂಸ್ಥಾನ. ರೆಸಿಡೆನ್ಸಿಯ ಕಣ್ಗಾವಲು ಇತ್ತು ನಿಜ, ಆದರೂ ದಿನನಿತ್ಯ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಿದ್ದವರು ನಮ್ಮ ಪಾಟೀಲರು, ನಮ್ಮ ಪೊಲೀಸರು. ಮಹಾರ, ಮಾಂಗ, ರಾಮೋಶಿ, ಬೇರಡ ಸಮುದಾಯಗಳವರು ಚಾವಡಿಗೆ ಬಂದು ಹಾಜರಿ ಹಾಕಬೇಕಿತ್ತು. ಅದನ್ನು 1918ರಲ್ಲಿ ರದ್ದು ಮಾಡಿದ್ದು ಕೊಲ್ಹಾಪುರದ ಶಾಹು ಮಹಾರಾಜರ ಆಜ್ಞೆ. ಬ್ರಿಟಿಷರು ತಂದ ಬುಡಕಟ್ಟುಗಳ ಕಾಯ್ದೆ 1952ರವರೆಗೆ ಉಳಿದಿತ್ತು ಎಂಬುದನ್ನು ನೆನೆದರೆ ಶಾಹು ಎಷ್ಟು ಮುಂದೆ ನಡೆದಿದ್ದರು ಎಂದು ತಿಳಿಯುತ್ತದೆ.

ಇನ್ನು ‘ಗೌರವ’ದ ಮಾತು. ಮಂಗಳವಾರ, ಶುಕ್ರವಾರ ಯಲ್ಲಮ್ಮನ ವಾರ. ಜೋಗಪ್ಪ ತಲೆಯ ಮೇಲೆ ದೇವಿಯ ಜಗ ಹೊತ್ತು, ಕೊರಳಲ್ಲಿ ಕವಡೆ ಸರ, ಕೈಯಲ್ಲಿ ಪಡಲಗಿ ಬುಟ್ಟಿ ಹಿಡಿದು ಐದು ಮನೆ ಜೋಗ ಬೇಡಲು ಬರುತ್ತಾಳೆ. ಜೊತೆಯವರ ಚೌಡಿಕೆ ತುಂತುಂ ಎನ್ನುತ್ತಿರುತ್ತದೆ. ಮನೆಯೊಡತಿ ಮೊರದಲ್ಲಿ ಜೋಳ ತಂದು ಪಡಲಗಿಗೆ ಸುರಿದು, ತಲೆ ಬಾಗಿಸಿ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. ‘ಉಧೋ ಉಧೋ’ ಎನ್ನುತ್ತಾಳೆ. ಇಷ್ಟೆಲ್ಲ ನಡೆಯುವುದು ಹೊಸ್ತಿಲ ಆಚೆ. ಅದೇ ಜೋಗಪ್ಪ ಬಾಡಿಗೆಗೆ ಒಂದು ಖೋಲಿ ಕೇಳಿದರೆ ಸಿಗುವುದಿಲ್ಲ. ಅಪ್ಪನ ಹೊಲದಲ್ಲಿ ಪಾಲು ಕೇಳಿದರೆ ಅಣ್ಣತಮ್ಮಂದಿರು ಬಡಿಗೆ ಹಿಡಿಯುತ್ತಾರೆ. ಮೈಮೇಲೆ ದೇವಿ ಇರುವಷ್ಟು ಹೊತ್ತು ಕೈಮುಗಿಯುವುದು, ಇಳಿದ ಮೇಲೆ ಮುಖ ತಿರುಗಿಸುವುದು: ಇದನ್ನು ಸ್ವೀಕಾರ ಎಂದು ಕರೆಯಲು ನನಗೆ ಮನಸ್ಸು ಬಾರದು. ದೇವಿಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟಿಸಿಕೊಂಡ ಮಗುವಿಗೆ ಶಾಲೆ ಮುಗಿಯಿತು, ಮನೆ ಮುಗಿಯಿತು. ಊರಿಗೆ ಮಾತ್ರ ಒಂದು ತೊಡಕು ಬಗೆಹರಿಯಿತು, ಅದೂ ಪುಣ್ಯದ ಹೆಸರಿನಲ್ಲಿ.

ಜಾತಿಯನ್ನು ಬಿಟ್ಟು ಈ ಗೌರವವನ್ನು ಹೊಗಳಲಾಗದು. ದೇವಿಗೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಬಹುಪಾಲು ದಲಿತರು, ಬೇಡರ (ಮರಾಠಿಯಲ್ಲಿ ಬೇರಡರ) ಮಕ್ಕಳೂ ಇದ್ದರು. ಬೆಳಗಾವಿ ಹತ್ತಿರದ ಯಮನಾಪುರದ ಭೀಮರಾವ್ ಗಸ್ತಿ ‘ಬೇರಡ’ ಎಂಬ ಆತ್ಮಕಥೆ ಬರೆದು, ಬದುಕಿನುದ್ದಕ್ಕೂ ಗಡಿಯ ಎರಡೂ ಬದಿಯಲ್ಲಿ ಹೋರಾಡಿದ್ದು ಈ ಎರಡು ಕಳಂಕಗಳ ವಿರುದ್ಧ: ಹುಟ್ಟುಗಳ್ಳರೆಂಬ ಹಣೆಪಟ್ಟಿ ಮತ್ತು ಮುತ್ತು. ಬೇಡರ ಮನೆಯ ಒಬ್ಬ ಹೆಣ್ಣಿಗ ಹುಡುಗನಿಗೆ ಈ ಎರಡರ ಮೇಲೆ ಮೂರನೆಯದೊಂದು ಸೇರುತ್ತಿತ್ತು. ಅದರ ಮೇಲೆ ರಾಜ್ಯಗಳ ಗಡಿ. ಕರ್ನಾಟಕದಲ್ಲಿ ಬೇಡರು 1991ರಿಂದ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ಬೇರಡರು ವಿಮುಕ್ತ ಜಾತಿ. ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೆಣ್ಣು ಕೊಟ್ಟು ತರುವ ಬೀಗರ ಮಕ್ಕಳು ಎರಡು ಬೇರೆ ಪಟ್ಟಿಗಳಲ್ಲಿ ಇದ್ದಾರೆ.

ಕೆನಡಾ, ಅಮೆರಿಕದ ಮೂಲನಿವಾಸಿ ಲೇಖಕರು ಬರೆದದ್ದನ್ನು ಓದಿ ನಮ್ಮವರು ಈ ಸುವರ್ಣಯುಗದ ಕಥೆಗೆ ಮತ್ತಷ್ಟು ಬಲ ತುಂಬುತ್ತಾರೆ. ಅಲ್ಲಿ ಮಿಷನರಿ ವಸತಿಶಾಲೆಗಳು ಮಕ್ಕಳ ಕೂದಲು ಕತ್ತರಿಸಿ, ಭಾಷೆ ಕಿತ್ತುಕೊಂಡು, ಹಿರಿಯರ ಲೋಕದಲ್ಲಿ ಗಂಡು-ಹೆಣ್ಣಿನ ಗೆರೆ ದಾಟಿದವರಿಗಿದ್ದ ಜಾಗವನ್ನೇ ಅಳಿಸಿದವು. 1990ರಲ್ಲಿ ವಿನ್ನಿಪೆಗ್‌ನಲ್ಲಿ ಸೇರಿದ ಮೂಲನಿವಾಸಿಗಳು ‘ಟು-ಸ್ಪಿರಿಟ್’ ಎಂಬ ಹೆಸರನ್ನು ತಮ್ಮದಾಗಿಸಿಕೊಂಡದ್ದು ಆ ಜಾಗವನ್ನು ಮರಳಿ ಪಡೆಯಲು. ಅವರ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ನಮ್ಮಲ್ಲಿ ಹಳೆಯ ಜಾಗ ಅಳಿದಿಲ್ಲ. ಹುಣ್ಣಿಮೆಯ ಜಾತ್ರೆಗೆ ಕೊಲ್ಹಾಪುರದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಎಸ್‌ಟಿ ಬಸ್ಸುಗಳು ಇಂದಿಗೂ ತುಂಬಿ ಹೋಗುತ್ತವೆ. ನಮ್ಮ ಮಗುವಿಗೆ ಬೇಕಾದದ್ದು ಆ ಜಾಗದ ಹೊರಗೂ ಬದುಕುವ ಹಕ್ಕು.

ಸುಧಾರಕರು ಅದನ್ನು ಕೊಟ್ಟರೇ? 1975ರಲ್ಲಿ ಬಾಬಾ ಆಢಾವರ ಮಹಾತ್ಮ ಫುಲೆ ಸಮತಾ ಪ್ರತಿಷ್ಠಾನ ದೇವದಾಸಿಯರ ಮೊದಲ ಪರಿಷತ್ತನ್ನು ಸೇರಿಸಿದ್ದು ಇದೇ ಗಡಹಿಂಗ್ಲಜದಲ್ಲಿ. ಸಾವಿರಾರು ಹೆಣ್ಣುಮಕ್ಕಳ ಬದುಕು ಉಳಿಸಿದ ಚಳವಳಿಗೆ ಅಲ್ಲಿ ನೆಲೆ ಸಿಕ್ಕಿತು, ಅದರ ಹೆಚ್ಚುಗಾರಿಕೆಯನ್ನು ಯಾರೂ ಕಡಿಮೆ ಮಾಡಲಾರರು. ಆದರೂ 1982ರ ಕರ್ನಾಟಕದ ಕಾಯ್ದೆಯಲ್ಲಿ ದೇವದಾಸಿ ಎಂದರೆ ಹೆಂಗಸು ಎಂದಿತ್ತು. ಸಮೀಕ್ಷೆ, ಮಾಸಾಶನ, ಮನೆ ಎಲ್ಲವೂ ಆ ವ್ಯಾಖ್ಯೆಯ ಹಿಂದೆ ಹೋದವು. ಅದೇ ಗುಡ್ಡದಲ್ಲಿ, ಅದೇ ದೇವಿಯ ಮುಂದೆ ಅದೇ ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಆ ಲೆಕ್ಕಕ್ಕೆ ಬರಲಿಲ್ಲ.

ಸ್ವತಂತ್ರ ಭಾರತದ ಶಾಸನಸಭೆಗಳ ಕೈಯೂ ಶುದ್ಧವಾಗಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿಸಿ ಹಿಜ್ರಾಗಳ ಪಟ್ಟಿ ಇಡುವ, ಅವರ ಓಡಾಟ ನಿಯಂತ್ರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟವರು ನಾವೇ ಆರಿಸಿ ಕಳಿಸಿದವರು. 1871ರ ಪುಟವನ್ನು ನೋಡಿ ಬರೆದಂತಿತ್ತು. ಹೈಕೋರ್ಟಿಗೆ ಹೋದ ಮೇಲೆ ಅದರಲ್ಲಿದ್ದ ಹೀನ ಪದವನ್ನು ಕೈಬಿಟ್ಟರು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಜೋಗಪ್ಪರನ್ನು ಹೆಸರಿಸಿ ಗುರುತಿಸಿತು, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ‘ಜೋಗತಾ’ ಎಂದು ಬರೆಯಿತು. ಅದೇ ಕಾಯ್ದೆಯಲ್ಲಿ ಇವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೆ ಗರಿಷ್ಠ ಶಿಕ್ಷೆ ಎರಡು ವರ್ಷ. ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದವನಿಗೆ ಕನಿಷ್ಠ ಹತ್ತು ವರ್ಷ.

ಕನ್ನಡದ ಓದುಗರು ಈ ಚರ್ಚೆಗೆ ‘ಜೋಗವಾ’ದಿಂದ ಹೊರಡುವ ಅಗತ್ಯವಿಲ್ಲ. ತಾವೇ ಈ ಪರಂಪರೆಯೊಳಗೆ ಬಂದ ಮಂಜಮ್ಮ ಜೋಗತಿಯವರ ಬಾಳಕಥೆ ‘ನಡುವೆ ಸುಳಿವ ಹೆಣ್ಣು’ ನಮ್ಮ ಕೈಯಲ್ಲಿದೆ. ಮನೆಯವರು ಕಂಬಕ್ಕೆ ಕಟ್ಟಿ ಹೊಡೆಯುವುದನ್ನು ಬಿಟ್ಟು ಹುಲಿಗೆಮ್ಮ ದೇವಿಯ ಮುಂದೆ ಮುತ್ತು ಕಟ್ಟಿಸಿದರು ಎಂದು ಸಮಾಧಾನಪಡುವಂಥ ಕಥೆ ಅಲ್ಲ ಅದು. ಮುತ್ತು ಕಟ್ಟಿದ ಮೇಲೂ ಅವರು ವಿಷ ಕುಡಿದರು, ಸೀರೆಯುಟ್ಟು ಭಿಕ್ಷೆ ಬೇಡಿದರು, ಅತ್ಯಾಚಾರಕ್ಕೆ ಈಡಾದರು. ಅವರನ್ನು ಕಾಪಾಡಿದ್ದು ಕಾಳವ್ವ ಜೋಗತಿ ಕಲಿಸಿದ ಕುಣಿತ, ಜೊತೆಯ ಜೋಗತಿಯರ ಮೇಳ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದಾಗ ಅವರು ಉಟ್ಟಿದ್ದದ್ದು, ತಾಯಪ್ಪ ಕಳಚಿದರೆ ಸಾಕೆಂದು ನಾವು ಕಣ್ಣೀರಿಟ್ಟೆವಲ್ಲ, ಅಂಥದೇ ಸೀರೆ.