ವೇಗಕ್ಕೆ ಸಂದ ಹೊಗಳಿಕೆ

ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಭದ್ರತೆಯ ಮಾತು ಬಂದಾಗ ಸಿಸ್ಕೊ ಕಂಪನಿಯ ಆನ್‌ಲೈನ್ ಸಭೆಗಳ ಸೇವೆಯಾದ ವೆಬೆಕ್ಸ್‌ನ 2017ರ ಜನವರಿಯ ಪ್ರಕರಣವನ್ನು ಮಾದರಿಯೆಂದು ಮುಂದಿಡುವವರಿದ್ದಾರೆ. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಟ್ಯಾವಿಸ್ ಒರ್ಮಂಡಿ ಅದರ ಎಕ್ಸ್‌ಟೆನ್ಶನ್‌ನಲ್ಲಿದ್ದ ಲೋಪವನ್ನು ತೋರಿಸಿಕೊಟ್ಟರು. ಲೋಪ ಸರಿಪಡಿಸಲು ಆ ತಂಡ ಕಂಪನಿಗಳಿಗೆ ಕೊಡುವ ಗಡುವು 90 ದಿನ. ಸಿಸ್ಕೊ ಕೆಲವೇ ದಿನಗಳಲ್ಲಿ ಪ್ಯಾಚ್ ಬಿಡುಗಡೆ ಮಾಡಿತು. ಈ ಚುರುಕನ್ನು ಮೆಚ್ಚಲೇಬೇಕು. ಆದರೆ ಆ ಪ್ರಕರಣದಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಒರ್ಮಂಡಿಯವರ ವರದಿ. ಪ್ಯಾಚ್‌ಗೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚಿನದು.

ವರದಿ ಹೇಳಿದ್ದೇನು ನೋಡಿ. ವೆಬೆಕ್ಸ್‌ನ ಕ್ರೋಮ್ ಎಕ್ಸ್‌ಟೆನ್ಶನ್ ಬಳಸುತ್ತಿದ್ದವರು ಸುಮಾರು 2 ಕೋಟಿ ಜನ. ವಿಳಾಸದಲ್ಲಿ ‘ಸಿಡಬ್ಲ್ಯುಸಿಎಸ್‌ಎಫ್’ ಎಂದು ಶುರುವಾಗುವ ಒಂದು ಉದ್ದನೆಯ ಅಕ್ಷರಮಾಲೆ ಎಲ್ಲಿದ್ದರೂ ಸಾಕು, ಎಕ್ಸ್‌ಟೆನ್ಶನ್ ಆ ಪುಟವನ್ನು ನಂಬಿಬಿಡುತ್ತಿತ್ತು. ಪುಟ ಯಾರದೆಂದು ಕೇಳುತ್ತಿರಲಿಲ್ಲ. ನಂಬಿದ ಮೇಲೆ ಪುಟದಿಂದ ಬಂದ ಸಂದೇಶವನ್ನು ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ವೆಬೆಕ್ಸ್ ಪ್ರೋಗ್ರಾಂಗೆ ದಾಟಿಸುತ್ತಿತ್ತು. ಯಾವ ಡಿಎಲ್‌ಎಲ್ ಕಡತದ ಯಾವ ಫಂಕ್ಷನ್ ಓಡಬೇಕು ಎಂಬುದನ್ನು ಆ ಸಂದೇಶವೇ ಹೇಳಬಹುದಿತ್ತು. ವೆಬೆಕ್ಸ್ ಜೊತೆಗೇ ಬರುತ್ತಿದ್ದ ಸಿ ರನ್‌ಟೈಮ್ ಕಡತದಲ್ಲಿ, ಕೊಟ್ಟ ಕಮಾಂಡನ್ನು ನೇರವಾಗಿ ಓಡಿಸುವ ಫಂಕ್ಷನ್ ಒಂದಿದೆ. ಒರ್ಮಂಡಿ ಅದನ್ನು ಕರೆದರು, ಕ್ಯಾಲ್ಕುಲೇಟರ್ ತೆರೆದುಕೊಂಡಿತು. ಅದೇ ಜಾಗದಲ್ಲಿ ಬೇರೆ ಯಾವ ಕಮಾಂಡಾದರೂ ಓಡುತ್ತಿತ್ತು. ಆ ಅಕ್ಷರಮಾಲೆ ಕಣ್ಣಿಗೆ ಕಾಣದ ಐಫ್ರೇಮ್‌ನಲ್ಲಿದ್ದರೂ ಸಾಕಾದ್ದರಿಂದ ಬಳಕೆದಾರನಿಗೆ ಸುಳಿವೇ ಸಿಗುತ್ತಿರಲಿಲ್ಲ.

ಹೀಗೆ ಕಾರಣದಿಂದ ಪರಿಣಾಮದವರೆಗೆ ಒಂದು ಕೊಂಡಿಯೂ ಕಳಚದಂತೆ ಬರೆದ ವರದಿ ಅಪರೂಪ. ಓದಿದವರಿಗೆ ಇಲ್ಲಿ ಎರಡು ತಪ್ಪುಗಳಿವೆ ಎಂಬುದು ತಾನಾಗಿಯೇ ಹೊಳೆಯುತ್ತದೆ. ಯಾರನ್ನು ನಂಬಬೇಕು ಎಂಬಲ್ಲಿ ಒಂದು ತಪ್ಪು. ನಂಬಿದವರಿಗೆ ಎಷ್ಟು ಅಧಿಕಾರ ಕೊಡಬೇಕು ಎಂಬಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು.

ಮೊದಲ ಪ್ಯಾಚ್ ಮುಟ್ಟಿದ್ದು ಮೊದಲನೆಯದನ್ನು ಮಾತ್ರ. ಇನ್ನು ಮುಂದೆ ವೆಬೆಕ್ಸ್ ತಾಣದ ಪುಟಗಳಿಗಷ್ಟೇ ಪ್ರವೇಶ ಎಂದಿತು. ಆ ತಾಣದಲ್ಲಿ ಒಂದೇ ಒಂದು ಸ್ಕ್ರಿಪ್ಟಿಂಗ್ ಲೋಪ ಸಿಕ್ಕರೂ ಹಳೆಯ ಅಪಾಯ ಮರಳುತ್ತದೆ ಎಂದು ಒರ್ಮಂಡಿ ಆಗಲೇ ಎಚ್ಚರಿಸಿದ್ದರು. ಮೊಜಿಲ್ಲ ತನ್ನ ಫೈರ್‌ಫಾಕ್ಸ್‌ನಲ್ಲಿ ವೆಬೆಕ್ಸ್ ಆ್ಯಡ್-ಆನ್‌ಗೆ ತಡೆ ಹಾಕಿತು. ಗೂಗಲ್ ಕ್ರೋಮ್ ಎಕ್ಸ್‌ಟೆನ್ಶನ್ ಅನ್ನು ತನ್ನ ಸ್ಟೋರಿನಿಂದ ತಾತ್ಕಾಲಿಕವಾಗಿ ತೆಗೆಯಿತು. ಕ್ರೋಮ್ ಬಳಕೆದಾರರಿಗೆ ಸರಿಯಾದ ಪರಿಹಾರ ಸಿಗಲು 1.0.7ನೇ ಆವೃತ್ತಿಯವರೆಗೆ ಕಾಯಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಅದೇ ಎಕ್ಸ್‌ಟೆನ್ಶನ್‌ನಲ್ಲಿ, ದೂರದಿಂದಲೇ ಕೋಡ್ ಓಡಿಸಬಲ್ಲ ಇನ್ನೊಂದು ಲೋಪವನ್ನು ಒರ್ಮಂಡಿ ಮತ್ತು ಕ್ರಿಸ್ ನೆಕಾರ್ ಹೊರಗೆಳೆದರು. ಇಷ್ಟು ತಿಳಿದ ಮೇಲೂ ಮೊದಲ ಪ್ಯಾಚಿನ ವೇಗವನ್ನೇ ಕೊಂಡಾಡುವುದು ವಿಮರ್ಶೆಯಲ್ಲ.

ವಿವರಗಳನ್ನು ಬಹಿರಂಗಪಡಿಸಿದ್ದೇ ತಪ್ಪು, ಅದರಿಂದ ಕಳ್ಳರಿಗೆ ದಾರಿ ತೋರಿಸಿದಂತಾಯಿತು ಎನ್ನುವವರ ವಾದವನ್ನೂ ನಾನು ಒಪ್ಪಲಾರೆ. ಆ ಅಕ್ಷರಮಾಲೆ ಎಕ್ಸ್‌ಟೆನ್ಶನ್‌ನ ಮ್ಯಾನಿಫೆಸ್ಟ್ ಕಡತದಲ್ಲೇ ಇತ್ತು. ಇನ್‌ಸ್ಟಾಲ್ ಮಾಡಿಕೊಂಡ ಯಾರು ಬೇಕಾದರೂ ತೆರೆದು ಓದಬಹುದಿತ್ತು. ಹುಡುಕಿ ಹೊರಟ ಕಳ್ಳನಿಗೆ ಅದು ಗುಟ್ಟಾಗಿರಲೇ ಇಲ್ಲ. ಗೊತ್ತಿಲ್ಲದೆ ಇದ್ದದ್ದು ಬಳಕೆದಾರರಿಗೆ, ಅವರ ಕಚೇರಿಗಳ ಐಟಿ ವಿಭಾಗಗಳಿಗೆ. ವರದಿ ಮುಚ್ಚಿಟ್ಟಿದ್ದರೆ ಪ್ಯಾಚ್ ಅರೆಬರೆಯೆಂದು ಹೊರಗಿನವರು ಪರೀಕ್ಷಿಸಿ ಹೇಳುವುದಕ್ಕೂ ಆಧಾರವಿರುತ್ತಿರಲಿಲ್ಲ. ಮೌನದಿಂದ ಬಳಕೆದಾರನಿಗೆ ರಕ್ಷಣೆ ಸಿಗುತ್ತದೆ ಎನ್ನುವವರು, ಆ ಮೌನದ ಲಾಭ ಮೊದಲು ಯಾರಿಗೆ ಸಿಗುತ್ತದೆ ಎಂಬುದನ್ನೂ ಹೇಳಬೇಕು.

ಗಡುವು ಬೇಕು, ಅದರ ಒತ್ತಡವಿಲ್ಲದೆ ಕಂಪನಿಗಳು ಅಲುಗಾಡುವುದಿಲ್ಲ. ಆದರೆ ಹೊಣೆಗಾರಿಕೆಯನ್ನು ದಿನಗಳಲ್ಲಿ ಅಳೆಯಲಾಗದು. ವೆಬ್ ಪುಟವೊಂದು ನನ್ನ ಕಂಪ್ಯೂಟರಿಗೆ ಆಜ್ಞೆ ಕೊಡುವ ಅಧಿಕಾರ ಕಡಿಮೆಯಾಯಿತೇ, ಇಲ್ಲವೇ? ಪ್ಯಾಚ್‌ಗೆ ಅಂಕ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು.