ಎಂಜಿನ್ ನಿಂತರೂ ಇಳಿಯದ ಒತ್ತಡ

ಪೆಟ್ರೋಲ್ ಕಾರಿನ ಎಂಜಿನ್ ನಿಂತ ಮೇಲೂ ಇಂಧನದ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಮತ್ತೆ ಕೀಲಿ ತಿರುಗಿಸಿದಾಗ ಗಾಡಿ ತಕ್ಷಣ ಹತ್ತಲೆಂದು ಪಂಪಿನ ಚೆಕ್ ವಾಲ್ವ್ ಅದನ್ನು ಹಿಡಿದಿಟ್ಟಿರುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಪೈಪು ಕಿತ್ತರೆ ನಾಲ್ಕು ಹನಿ ತೊಟ್ಟಿಕ್ಕುತ್ತಿತ್ತು, ಅಷ್ಟೆ. ಮಲ್ಟಿಪಾಯಿಂಟ್ ಇಂಜೆಕ್ಷನ್ ಗಾಡಿಗಳಲ್ಲಿ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್, ಟೈರಿನ ಗಾಳಿಗಿಂತಲೂ ಜಾಸ್ತಿ. ಹಾಗೇ ಸ್ಪ್ಯಾನರ್ ಹಾಕಿದರೆ ಪೆಟ್ರೋಲ್ ಕಣ್ಣಿಗೂ ಬಿಸಿ ಸೈಲೆನ್ಸರ್ ಪೈಪಿಗೂ ಚಿಮ್ಮುತ್ತದೆ.

ನಾಗಪುರ–ಮುಂಬೈ ಸಮೃದ್ಧಿ ಮಹಾಮಾರ್ಗ ಹಾದುಹೋಗುವ ವೈಜಾಪುರದ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಿ ಬಂದ ಗಾಡಿ ನಿಂತಾಗ ಎಂಜಿನ್ನಿನ ಕಾವು, ಇಂಜೆಕ್ಟರುಗಳಿಗೆ ಇಂಧನ ಹಂಚುವ ಪೈಪಾದ ಫ್ಯೂಯಲ್ ರೈಲಿನೊಳಗಿನ ಪೆಟ್ರೋಲಿಗೂ ತಗಲುತ್ತದೆ, ಒತ್ತಡ ಇನ್ನಷ್ಟು ಏರುತ್ತದೆ. ಆರಲು ಬಿಡುವುದೇ ಇಲ್ಲಿ ಮೊದಲ ಕೆಲಸ.

ಗಾಡಿಯನ್ನು ಗಾಳಿಯಾಡುವ ಕಡೆ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಟ್ಯಾಂಕಿನ ಮುಚ್ಚಳ ತೆರೆದರೆ ಆವಿಯ ಒತ್ತಡ ಹೋಗುತ್ತದೆ. ಬಳಿಕ ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು, ಎಂಜಿನ್ ಚಾಲೂ ಮಾಡಿ, ಪೆಟ್ರೋಲ್ ಸಾಲದೆ ತಾನೇ ನಿಲ್ಲುವವರೆಗೆ ಓಡಿಸುವುದು. ಮತ್ತೆ ಎರಡು ಮೂರು ಸಲ, ಮೂರು ಮೂರು ಸೆಕೆಂಡ್ ಸೆಲ್ಫ್ ಹೊಡೆದರೆ ಉಳಿದದ್ದೂ ಇಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಜಾಯಿಂಟಿಗೆ ಬಟ್ಟೆ ಸುತ್ತಿ, ನಿಧಾನವಾಗಿ ಸಡಿಲಿಸಬೇಕು. ಒತ್ತಡ ಇಳಿದರೂ ಪೈಪು ಖಾಲಿಯಾಗಿರುವುದಿಲ್ಲ, ಬಟ್ಟೆ ಅದಕ್ಕೇ.

ಈಗ ಟಿ-ಜಾಯಿಂಟ್ ಮೂಲಕ ಒತ್ತಡ ಅಳೆಯುವ ಗೇಜ್ ಸೇರಿಸಿ, ರಿಲೇ, ಬ್ಯಾಟರಿ ಕೂಡಿಸಿ, ಕೀಲಿ ಆನ್ ಮಾಡಿದರೆ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಎಂದು ಸುಮ್ಮನಾಗುತ್ತದೆ. ಎಂಜಿನ್ ಹತ್ತಿಸುವ ಮೊದಲೇ ಜಾಯಿಂಟ್ ಒಸರುತ್ತಿಲ್ಲವೆಂದು ನೋಡಿಕೊಳ್ಳಬೇಕು. ವ್ಯಾಕ್ಯೂಮ್ ರೆಗ್ಯುಲೇಟರ್ ಇರುವ ಹಳೆಯ ಗಾಡಿಯಲ್ಲಿ ಐಡಲಿಂಗ್‌ಗೆ ಬಂದಾಗ ಮುಳ್ಳು ಸುಮಾರು ಅರ್ಧ ಬಾರ್ ಇಳಿಯುವುದು ಸಹಜ, ಅದು ದೋಷವಲ್ಲ. ರಿಟರ್ನ್ ಪೈಪಿಲ್ಲದ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಹಾಗೆ ಇಳಿಯುವುದಿಲ್ಲ. ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಂಕಿಯೇ ಪ್ರಮಾಣ.

ಅವಸರದ ಮೆಕ್ಯಾನಿಕ್ ಇಲ್ಲಿಗೆ ಗೇಜ್ ಬಿಚ್ಚುತ್ತಾನೆ. ಅನುಭವಿ ಎಂಜಿನ್ ನಿಲ್ಲಿಸಿ ಮುಳ್ಳನ್ನೇ ನೋಡುತ್ತ ಕೂರುತ್ತಾನೆ. ಅದು ಸರಸರ ಕುಸಿದರೆ ಚೆಕ್ ವಾಲ್ವ್, ರೆಗ್ಯುಲೇಟರ್, ಇಂಜೆಕ್ಟರ್ ಇವುಗಳಲ್ಲಿ ಒಂದು ಸೋರುತ್ತಿದೆ. ಬಿಸಿ ಎಂಜಿನ್ ಸುಲಭಕ್ಕೆ ಹತ್ತದಿರುವ ಕಾಯಿಲೆಗೆ ಇದೇ ಮೂಲವಿರಬಹುದು. ಮೊದಲಿನಿಂದಲೇ ಒತ್ತಡ ಕಡಿಮೆಯಿದ್ದರೆ ಕಟ್ಟಿದ ಫಿಲ್ಟರ್, ಸವೆದ ಪಂಪ್, ಅಥವಾ ಪಂಪಿಗೆ ಸಾಲದ ಕರೆಂಟ್. ಪಂಪ್ ಬದಲಿಸುವ ಮುನ್ನ ಅದರ ವೋಲ್ಟೇಜ್ ಅಳೆಯದವರ ಗಿರಾಕಿ ಎರಡು ಸಲ ದುಡ್ಡು ಕೊಡುತ್ತಾನೆ. ಒತ್ತಡ ಜಾಸ್ತಿಯಿದ್ದರೆ ರಿಟರ್ನ್ ಪೈಪು ಮಡಚಿದೆಯೇ ಎಂದು ನೋಡಬೇಕು.

ಡೀಸೆಲ್ಲಿನ ಮಾತೇ ಬೇರೆ. ಭಾರತದಲ್ಲಿ 1951ರಲ್ಲಿ ಆರಂಭವಾಗಿ ಬೆಂಗಳೂರಿಗರ ಬಾಯಲ್ಲಿ ಇಂದಿಗೂ ‘ಮೈಕೋ’ ಆಗಿರುವ ಬಾಷ್ ಕಂಪನಿಯ ನಾಸಿಕ್ ಕಾರ್ಖಾನೆ ಇಂಜೆಕ್ಟರುಗಳಿಗೆ ಹೆಸರಾದದ್ದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಅಂಥ ಇಂಜೆಕ್ಟರ್ ತಡೆಯುವ ಒತ್ತಡ 1,600 ಬಾರ್ ಮೀರಬಹುದು. ಎಂಜಿನ್ ಓಡುವಾಗ ಆ ಪೈಪಿನ ನಟ್ಟು ಮುಟ್ಟಲೇಬಾರದು. ಕೂದಲೆಳೆಯ ಸೀಳಿನಿಂದ ಹೊರಟ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಆದರೆ ಬೇಕಾಗುವುದು ತುರ್ತು ಶಸ್ತ್ರಚಿಕಿತ್ಸೆ. ಈ ಒತ್ತಡವನ್ನು ಪೆಟ್ರೋಲ್ ಗೇಜಿನಲ್ಲಿ ಅಳೆಯಲಾಗದು. ರೈಲಿನ ಸೆನ್ಸರ್ ಹೇಳುವುದನ್ನು ಸ್ಕ್ಯಾನರ್ ಪರದೆಯಲ್ಲಿ ಓದಿ, ಇಳಿದದ್ದು ಖಚಿತವಾದ ಮೇಲಷ್ಟೇ ಸ್ಪ್ಯಾನರ್ ಎತ್ತಿಕೊಳ್ಳುವುದು.