ಉಲ್ಲೇಖಗಳ ಎಣಿಕೆ ಮತ್ತು ಅಸ್ಥಿಚಿಕಿತ್ಸೆಯ ಮೌಲ್ಯ

ವೈದ್ಯಕೀಯ ಲೇಖನದ ಕೊನೆಯಲ್ಲಿ ಪೂರ್ವಸೂರಿಗಳ ಬರಹಗಳನ್ನು ಹೆಸರಿಸುವುದು ಋಣಸ್ಮರಣೆಯ ಕ್ರಮ. ಈ ಋಣಗಳನ್ನು ಎಣಿಸಿ ನಿಯತಕಾಲಿಕೆಗಳನ್ನು ತೂಗುವ ಪದ್ಧತಿಗೆ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ತಳಹದಿ ಹಾಕಿದರು. ಉಲ್ಲೇಖಸೂಚಿಯ ಕಲ್ಪನೆಯನ್ನು ಅವರು 1955ರಲ್ಲಿ ಮಂಡಿಸಿದರು. ಮುಂದೆ ಅದರಿಂದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಪ್ರಭಾವಾಂಕ ರೂಪುಗೊಂಡಿತು. ಒಂದು ಪತ್ರಿಕೆಯ ಹಿಂದಿನ ಎರಡು ವರ್ಷಗಳ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು, ಆ ಅವಧಿಯ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಈ ಅಂಕ.

ಈ ಲೆಕ್ಕದಲ್ಲಿಯೇ ಒಂದು ತೊಡಕಿದೆ. ಸಂಪಾದಕೀಯಗಳಿಗೂ ಓದುಗರ ಪತ್ರಗಳಿಗೂ ಬಂದ ಉಲ್ಲೇಖಗಳು ಜಮೆಗೆ ಸೇರುತ್ತವೆ. ಆದರೆ ಭಾಗಿಸುವ ಸಂಖ್ಯೆಯಲ್ಲಿ ಆ ಬರಹಗಳಿಗೆ ಸ್ಥಾನವಿಲ್ಲ. ಖಂಡಿಸಲೆಂದು ಮಾಡಿದ ಉಲ್ಲೇಖವೂ ಮೆಚ್ಚಿ ಮಾಡಿದ ಉಲ್ಲೇಖಕ್ಕೆ ಸಮನಾಗಿಯೇ ಎಣಿಕೆಯಾಗುತ್ತದೆ. ವಹಿವಾಟಿನ ಮೊತ್ತವೇ ಲಾಭವಲ್ಲವೆಂಬುದು ಲೆಕ್ಕ ಬಲ್ಲವರಿಗೆ ಹೊಸ ಮಾತಲ್ಲ.

ಅಸ್ಥಿ ಶಸ್ತ್ರಚಿಕಿತ್ಸೆಯಲ್ಲಿ ಎರಡು ವರ್ಷಗಳ ಗಡುವು ಇನ್ನಷ್ಟು ಅಸಮಂಜಸ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1961ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸೊಂಟದ ಕೃತಕ ಕೀಲಿನ ಹೊಸ ವಿಧಾನವನ್ನು ಪ್ರಕಟಿಸಿದರು. ಆರಂಭದ ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ ಕೀಲಿನ ಟೆಫ್ಲಾನ್ ಬಟ್ಟಲು ಕೆಲವೇ ವರ್ಷಗಳಲ್ಲಿ ಸವೆದು, ಅನೇಕ ರೋಗಿಗಳು ಮತ್ತೆ ಶಸ್ತ್ರಕ್ಕೆ ಒಳಗಾಗಬೇಕಾಯಿತು. 1962ರ ನವೆಂಬರಿನಿಂದ ಅವರು ಪಾಲಿಥಿಲೀನನ್ನು ಬಳಸಿದರು. ಅದರ ಬಾಳಿಕೆ ಸಿದ್ಧಪಟ್ಟದ್ದು ದಶಕಗಳ ಅವಲೋಕನದಿಂದ. ಸ್ವೀಡನ್ 1979ರಲ್ಲಿ ಇಂತಹ ಕೀಲುಗಳ ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿದ್ದು ಈ ದೀರ್ಘ ಪರೀಕ್ಷೆಯ ಅಗತ್ಯದಿಂದಲೇ.

ಭಾಷೆಯ ಗೋಡೆಯೂ ಗಮನಾರ್ಹ. ಸೈಬೀರಿಯದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಜಾರೊವ್ 1951ರಿಂದಲೇ ಉಂಗುರ ಮತ್ತು ತಂತಿಗಳ ಚೌಕಟ್ಟಿನಿಂದ ಮೂಳೆಗಳನ್ನು ಕೂಡಿಸುತ್ತಿದ್ದರು, ಮುಂದೆ ಉದ್ದವನ್ನೂ ಮಾಡಿದರು. ಅವರ ಬರಹಗಳು ರಷ್ಯನ್ ಭಾಷೆಯಲ್ಲಿದ್ದುದರಿಂದ ಪಾಶ್ಚಾತ್ಯ ಪತ್ರಿಕೆಗಳು ಬಹುಕಾಲ ಅವರನ್ನು ಕಾಣಲಿಲ್ಲ. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ 1980ರಲ್ಲಿ ಅಲ್ಲಿ ತನ್ನ ಕಾಲಿಗೆ ಚಿಕಿತ್ಸೆ ಪಡೆದ ಬಳಿಕ, 1981ರಲ್ಲಿ ಇಟಲಿಯ ವೈದ್ಯರು ಇಲಿಜಾರೊವರನ್ನು ಉಪನ್ಯಾಸಕ್ಕೆ ಆಹ್ವಾನಿಸಿದರು. 1989ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಎರಡು ಲೇಖನಗಳು ಅಸ್ಥಿಚಿಕಿತ್ಸೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳ ಸಾಲಿಗೆ ಸೇರಿದವು. ಚಿಕಿತ್ಸೆಯ ಗುಣ 1989ರಲ್ಲಿ ಹುಟ್ಟಿದ್ದಲ್ಲ. ಆಗ ಹುಟ್ಟಿದ್ದು ಎಣಿಕೆ ಮಾತ್ರ.

ಗ್ರಂಥಾಲಯವು ಪತ್ರಿಕೆಗಳನ್ನು ಆರಿಸಲು ಈ ಅಂಕವನ್ನು ನೋಡುವುದರಲ್ಲಿ ದೋಷವಿಲ್ಲ. ವೈದ್ಯನ ನೇಮಕ ಮತ್ತು ಬಡ್ತಿಗೂ ಅದನ್ನೇ ಅಳತೆಗೋಲು ಮಾಡುವುದು ನ್ಯಾಯಸಮ್ಮತವಲ್ಲ. 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ ಇದನ್ನೇ ನಿಷೇಧಿಸಬೇಕೆಂದು ಕೇಳಿಕೊಂಡಿದೆ. ಅಂಕಕ್ಕಾಗಿ ಬರೆಯತೊಡಗಿದ ಶಸ್ತ್ರವೈದ್ಯನಿಗೆ ಹದಿನೈದು ವರ್ಷ ರೋಗಿಯ ಹೆಜ್ಜೆಯನ್ನು ಗಮನಿಸುವ ತಾಳ್ಮೆ ಉಳಿಯುವುದು ಕಷ್ಟ; ಅದರ ಬೆಲೆಯನ್ನು ತೆರಬೇಕಾದವನು ರೋಗಿ. ಆದ್ದರಿಂದ ಆಯ್ಕೆ ಮಾಡುವವರು ಲೇಖನವನ್ನೇ ಓದಲಿ; ಅದರಲ್ಲಿ ಹೇಳಿದ ರೋಗಿಗಳು ಈಗ ಹೇಗೆ ನಡೆಯುತ್ತಿದ್ದಾರೆಂದು ವಿಚಾರಿಸಲಿ.